ಕಾಳಗದ ಮೀನಿಗೆ ಕಾಯಿಲೆ ಬಂದಾಗ

ಹಸು ಮೆಲುಕು ಹಾಕುವುದನ್ನು ಬಿಟ್ಟರೆ ಸಾಕಿದವರಿಗೆ ಅದು ಒಡನೆಯೇ ತಿಳಿಯುತ್ತದೆ. ನಾಯಿ ಮೂಲೆ ಹಿಡಿದು ಮಲಗಿದರೆ ಮನೆಯ ಮಕ್ಕಳಿಗೂ ಗೊತ್ತಾಗುತ್ತದೆ. ಮೀನಿನ ಮಾತು ಹಾಗಲ್ಲ. ಕೂಗುವುದಕ್ಕೆ ಅದಕ್ಕೆ ಕೊರಳಿಲ್ಲ. ಮುಚ್ಚುವುದಕ್ಕೆ ಕಣ್ಣಿಗೆ ರೆಪ್ಪೆಯಿಲ್ಲ. ಮೈಮುಟ್ಟಿ ಜ್ವರ ನೋಡೋಣವೆಂದರೆ ಅದರ ಮೈಬಿಸಿಯೂ ಅದು ಇರುವ ನೀರಿನ ಬಿಸಿಯೂ ಒಂದೇ. ಆದ್ದರಿಂದ ಮೀನು ಸಾಕಿದವರು ಕಣ್ಣಿನಿಂದಲೇ ನಾಡಿ ನೋಡುವುದನ್ನು ಕಲಿಯಬೇಕಾಗುತ್ತದೆ.

ಇಂದು ಊರೂರಿನ ಅಂಗಡಿಗಳಲ್ಲಿ ಅಂಗೈಯಗಲದ ಸೀಸೆಗಳಲ್ಲಿ ಮಾರಾಟಕ್ಕಿಟ್ಟಿರುವ ಬೆಟ್ಟಾ ಮೀನಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಹೆಸರು ಕೇಳಿ ಇದು ಗುಡ್ಡಗಾಡಿನದೆಂದು ತಿಳಿಯಬೇಕಾಗಿಲ್ಲ. ಇದು ಅಪ್ಪಟ ಗದ್ದೆಯ ಮೀನು. ಥಾಯ್ಲೆಂಡಿನ ಚಾವೊ ಫ್ರಾಯಾ ನದಿಯ ಬಯಲಿನ ಬತ್ತದ ಗದ್ದೆಗಳು, ಜೌಗು ನೆಲ, ಹುಲ್ಲು ಬೆಳೆದ ಕಾಲುವೆಗಳು ಇದರ ತವರು. ಅಲ್ಲಿಯ ಜನ ಇದನ್ನು ‘ಪ್ಲಾ ಕಟ್’, ಎಂದರೆ ಕಚ್ಚುವ ಮೀನು, ಎಂದು ಕರೆದು ಗಂಡುಗಳನ್ನು ಕಾಳಗಕ್ಕೆ ಬಿಡುತ್ತ ಬಂದರು. 1910ರಲ್ಲಿ ರೀಗನ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಇದಕ್ಕೆ ‘ಬೆಟ್ಟಾ ಸ್ಪ್ಲೆಂಡೆನ್ಸ್’ ಎಂದು ಶಾಸ್ತ್ರೀಯ ನಾಮ ಕೊಟ್ಟ. 2019ರಲ್ಲಿ ಥಾಯ್ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಗದ್ದೆಯಲ್ಲಿ ಬದುಕುವ ಬೆಟ್ಟಾ ಮಂಕು ಬಣ್ಣದ, ಗಿಡ್ಡ ರೆಕ್ಕೆಯ ಸಾಮಾನ್ಯ ಮೀನು. ಅಂಗಡಿಯಲ್ಲಿ ನಾವು ಕಾಣುವ, ರೇಷ್ಮೆಯ ಸೆರಗನ್ನು ಹರಡಿದಂತೆ ತೇಲುವ ಮೀನು ಮನುಷ್ಯರು ತಲೆಮಾರುಗಳ ಉದ್ದಕ್ಕೂ ಆರಿಸಿ ಆರಿಸಿ ಮಾಡಿಕೊಂಡದ್ದು. ಆ ಸೆರಗಿನ ಭಾರವನ್ನು ಹೊರುವ ಕಷ್ಟವೂ ಅದರ ಪಾಲಿಗೇ ಬಂದಿದೆ.

ಈ ಮೀನಿಗೆ ಹುಟ್ಟಿನಿಂದ ಬಂದ ಒಂದು ವರವುಂಟು. ಕಿವಿರುಗಳ ಮೇಲುಗಡೆ, ತಲೆಯೊಳಗೆ, ಮಡಿಕೆ ಮಡಿಕೆಯಾದ ಎಲುಬಿನ ತಗಡುಗಳೂ ಅವುಗಳ ಮೇಲೆ ರಕ್ತ ತುಂಬಿದ ತೆಳುಪೊರೆಯೂ ಇರುವ ಒಂದು ಗೂಡಿದೆ. ಅದರ ಸಹಾಯದಿಂದ ಬೆಟ್ಟಾ ಆಗಾಗ ನೀರಿನ ಮೇಲಕ್ಕೆ ಬಂದು ನಮ್ಮಂತೆಯೇ ಗಾಳಿಯನ್ನು ಗುಟುಕರಿಸುತ್ತದೆ. ನಮ್ಮ ಕೆರೆಗಳ ಕೊರವ ಮೀನು ಕೆಸರಿನಲ್ಲಿಯೂ ಜೀವ ಹಿಡಿದುಕೊಳ್ಳುವುದು ಇಂಥದೇ ಇನ್ನೊಂದು ಏರ್ಪಾಡಿನಿಂದ. ಬೆಟ್ಟಾ ಮೀನನ್ನು ಮೇಲಕ್ಕೆ ಬಾರದಂತೆ ತಡೆದರೆ ನೀರಿನೊಳಗೇ ಉಸಿರುಕಟ್ಟಿ ಸಾಯುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಈ ವರವೇ ಸಾಕಿದವರ ಕಣ್ಣಿಗೆ ಮಣ್ಣೆರಚುವುದು. ಬೇರೆ ಮೀನು ಒಂದು ದಿನದಲ್ಲಿ ಸತ್ತು ನಮ್ಮ ತಪ್ಪನ್ನು ಎತ್ತಿ ತೋರಿಸುವ ಕೊಳಕು ನೀರಿನಲ್ಲಿ ಬೆಟ್ಟಾ ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕಿರುತ್ತದೆ. ಬದುಕಿರುವುದನ್ನೇ ಆರೋಗ್ಯವೆಂದು ನಾವು ಲೆಕ್ಕ ಹಾಕುತ್ತೇವೆ. ಗಾಳಿಯನ್ನು ಮೇಲಿನಿಂದ ತೆಗೆದುಕೊಂಡರೂ ಕಿವಿರು ಮಾತ್ರ ಆ ನೀರಿನಲ್ಲಿಯೇ ಅದ್ದಿರುತ್ತದೆ, ಮೈಲೋಳೆ ಆ ನೀರಿನಲ್ಲಿಯೇ ಕರಗುತ್ತದೆ. ರೋಗ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧ ದಾರಿ ನಡೆದಿರುತ್ತದೆ. ಗದ್ದೆಯ ನೀರು ತೆಳುವಾದದ್ದು ನಿಜ, ಆದರೆ ಅದು ಎಕರೆಗಟ್ಟಲೆ ಹರಡಿದ ನೀರು. ಅದನ್ನು ನೋಡಿ ಒಂದು ಲೋಟ ನೀರು ಸಾಕೆಂದು ಹೇಳುವ ಅಂಗಡಿಯವರ ಮಾತು ಯಾವ ಶಾಸ್ತ್ರಕ್ಕೂ ಸೇರಿದ್ದಲ್ಲ. 15-20 ಲೀಟರ್ ಹಿಡಿಯುವ ಪಾತ್ರೆ, ಹರಿತವಿಲ್ಲದ ನಿಧಾನವಾದ ಸೋಸುಕ, ಮೇಲೊಂದು ಮುಚ್ಚಳ, ಇಷ್ಟಿದ್ದರೆ ಈ ಮೀನಿನ ಅರ್ಧಕ್ಕೆ ಅರ್ಧ ಕಾಯಿಲೆಗಳು ಹತ್ತಿರ ಸುಳಿಯುವುದಿಲ್ಲ.

ಕಾಯಿಲೆಯನ್ನು ಗುರುತಿಸುವುದಕ್ಕೆ ಮೊದಲು ಆರೋಗ್ಯವನ್ನು ಗುರುತಿಸಬೇಕು. ದಿನವೂ ಆಹಾರ ಹಾಕುವ ಹೊತ್ತಿನಲ್ಲಿ ಎರಡು ನಿಮಿಷ ನಿಂತು ನೋಡಿ. ಚೆನ್ನಾಗಿರುವ ಬೆಟ್ಟಾ ನಿಮ್ಮ ನೆರಳು ಕಂಡೊಡನೆ ಗಾಜಿನ ಬಳಿಗೆ ಬರುತ್ತದೆ. ರೆಕ್ಕೆಗಳು ಬಿಚ್ಚಿರುತ್ತವೆ. ಉಸಿರಾಟಕ್ಕೆ ಮೇಲೆ ಬಂದರೂ ಕೂಡಲೇ ಇಳಿಯುತ್ತದೆ. ಗಂಡಾದರೆ ನೀರಿನ ಮೇಲೆ ನೊರೆಯ ಗೂಡು ಕಟ್ಟುವುದುಂಟು. ಅದನ್ನು ಕೊಳೆಯೆಂದು ತೆಗೆದು ಹಾಕುವವರನ್ನು ಕಂಡಿದ್ದೇನೆ. ಇನ್ನು ಮೊದಲ ಎಚ್ಚರಿಕೆಗಳು ಎಂಥವು? ರೆಕ್ಕೆಗಳನ್ನು ಮೈಗೆ ಒತ್ತಿ ಕೊಡೆ ಮಡಿಸಿದಂತೆ ಹಿಡಿದಿರುವುದು. ಆಹಾರವನ್ನು ಬಾಯಿಗೆ ತೆಗೆದುಕೊಂಡು ಉಗುಳುವುದು. ಕಲ್ಲಿಗೋ ಗಿಡಕ್ಕೋ ಮೈ ಉಜ್ಜುವುದು. ನೀರಿನ ಮೇಲುಮಟ್ಟದಲ್ಲಿಯೇ ನಿಂತು ಬೇಗ ಬೇಗ ಕಿವಿರು ಆಡಿಸುವುದು. ಬಣ್ಣ ಮಂಕಾಗಿ, ಕೆಲವು ಮೀನುಗಳಲ್ಲಿ ಮೈಮೇಲೆ ಅಡ್ಡ ಗೆರೆಗಳು ಮೂಡುವುದು. ಇವು ಯಾವ ಒಂದು ರೋಗದ ಹೆಸರನ್ನೂ ಹೇಳುವುದಿಲ್ಲ. ನೆಮ್ಮದಿ ಕೆಟ್ಟಿದೆ ಎಂದು ಮಾತ್ರ ಹೇಳುತ್ತವೆ.

ಆಗ ಮೊದಲು ಪರೀಕ್ಷಿಸಬೇಕಾದದ್ದು ನೀರನ್ನು. ಮೀನಿನ ಮಲದಿಂದಲೂ ಕಿವಿರಿನಿಂದಲೂ ತಿನ್ನದೆ ಉಳಿದ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಅದು ಕಿವಿರನ್ನು ಸುಡುವ ವಿಷ. ಸೋಸುಕದ ಹತ್ತಿಯಲ್ಲಿ, ತಳದ ಮರಳಿನಲ್ಲಿ ನೆಲೆಸುವ ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ಬಹುಮಟ್ಟಿಗೆ ನಿರುಪದ್ರವಿಯಾದ ನೈಟ್ರೇಟಾಗಿ ಮಾಡುತ್ತವೆ. ಹೊಸ ಪಾತ್ರೆಯಲ್ಲಿ ಈ ಜೀವಿಗಳ ಸಂಸಾರ ಬೆಳೆಯುವುದಕ್ಕೆ ನಾಲ್ಕರಿಂದ ಆರು ವಾರ ಬೇಕು. ಈ ಅವಧಿಯಲ್ಲಿಯೇ ಹೆಚ್ಚಿನ ಮೀನುಗಳು ಕಾಯಿಲೆ ಬೀಳುವುದು ಕಾಕತಾಳೀಯವಲ್ಲ. ಇದಕ್ಕಿಂತಲೂ ದುರ್ದೈವದ ಸಂಗತಿಯೆಂದರೆ, ಶುಚಿಯ ಮೇಲೆ ಪ್ರೀತಿಯುಳ್ಳ ಗೃಹಸ್ಥರು ಭಾನುವಾರ ಭಾನುವಾರ ಪಾತ್ರೆಯ ನೀರನ್ನೆಲ್ಲ ಚೆಲ್ಲಿ, ಮರಳನ್ನೂ ಹತ್ತಿಯನ್ನೂ ನಲ್ಲಿಯ ಕೆಳಗೆ ಹಿಡಿದು ತಿಕ್ಕಿ ತೊಳೆದು, ಆ ಜೀವಿಗಳನ್ನು ನಿರ್ವಂಶ ಮಾಡಿ, ಪಾತ್ರೆಯನ್ನು ವಾರ ವಾರವೂ ಹೊಸದನ್ನಾಗಿ ಮಾಡಿಬಿಡುತ್ತಾರೆ. ವಾರಕ್ಕೊಮ್ಮೆ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ನೀರನ್ನು ಮಾತ್ರ ಬದಲಾಯಿಸತಕ್ಕದ್ದು. ಸೋಸುಕದ ಹತ್ತಿಯನ್ನು ಹಾಗೆ ತೆಗೆದ ಹಳೆಯ ನೀರಿನಲ್ಲಿಯೇ ಹಿಂಡಿ ತೆಗೆದರೆ ಸಾಕು.

ನೀರು ಪರೀಕ್ಷಿಸುವ ಹನಿ ಔಷಧಗಳ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಬಣ್ಣದ ಬಾಟಲಿಗಳ ಔಷಧಕ್ಕೆ ಖರ್ಚು ಮಾಡುವ ಹಣವನ್ನು ಇದಕ್ಕೆ ಮಾಡುವುದು ಜಾಣತನ. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ದಿನವೂ ಮೂರನೆಯ ಒಂದು ಭಾಗ ನೀರು ಬದಲಾಯಿಸುತ್ತ ಬನ್ನಿ. ಆಹಾರವನ್ನು ಕಡಿಮೆ ಮಾಡಿ. ಒಂದು ಮಾತು ನೆನಪಿರಲಿ: ನೀರು ಕ್ಷಾರವಾದಷ್ಟೂ ಅಮೋನಿಯದ ವಿಷ ಹೆಚ್ಚು. ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು, ಕ್ಷಾರ. ಅಂಥ ಊರುಗಳಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ನಲ್ಲಿ ನೀರಾದರೆ ಅದರಲ್ಲಿರುವ ಕ್ಲೋರಿನ್ ಕಿವಿರಿಗೆ ಹಾನಿ. ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಮಿನ್ ಬೆರೆಸುವ ಕಡೆಗಳಲ್ಲಿ ಹಾಗೆ ಹೋಗುವುದಿಲ್ಲ, ಅದಕ್ಕೆಂದೇ ಮಾರುವ ದ್ರಾವಣವನ್ನು ಹಾಕಬೇಕು.

ಎರಡನೆಯ ಪರೀಕ್ಷೆ ಬಿಸಿಯದು. ಬೆಟ್ಟಾ ಮೀನಿಗೆ ಹಿತವಾದದ್ದು 25ರಿಂದ 28 ಡಿಗ್ರಿ ಸೆಂಟಿಗ್ರೇಡಿನ ನೀರು. ಮಂಗಳೂರಿನವರಿಗೆ ಇದರ ಚಿಂತೆ ಕಡಿಮೆ. ಬೆಂಗಳೂರಿನಲ್ಲಿ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಹೊರಗಿನ ಗಾಳಿ 15-16 ಡಿಗ್ರಿಗೆ ಇಳಿಯುತ್ತದೆ. ಕಿಟಕಿಯ ಬಳಿಯ ಸಣ್ಣ ಪಾತ್ರೆಯ ನೀರು 20ರ ಆಸುಪಾಸಿಗೆ ಬರುವುದುಂಟು. ಮೀನು ತಳದಲ್ಲಿ ಮಲಗುತ್ತದೆ, ತಿನ್ನುವುದಿಲ್ಲ, ಅದರ ರೋಗನಿರೋಧಕ ಶಕ್ತಿ ಕುಂದುತ್ತದೆ. ಮನೆಯವರು ಔಷಧಕ್ಕೆ ಓಡುತ್ತಾರೆ. ಬೇಕಾದದ್ದು 25 ವ್ಯಾಟಿನ ಒಂದು ಸಣ್ಣ ಹೀಟರು, ಒಂದು ಉಷ್ಣಮಾಪಕ, ಅಷ್ಟೇ.

ನೀರೂ ಬಿಸಿಯೂ ಸರಿಯಾಗಿದ್ದು ಮೀನು ಮಾತ್ರ ಸರಿಯಿಲ್ಲದಿದ್ದರೆ ಆಗ ರೋಗದ ಹೆಸರನ್ನು ಹುಡುಕಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ರೆಕ್ಕೆಯ ಕೊಳೆತ. ರೆಕ್ಕೆಯ ಅಂಚು ಕಪ್ಪಾಗಿಯೋ ಕೆಂಪಾಗಿಯೋ ತಿರುಗಿ ದಿನದಿನಕ್ಕೆ ಒಳಕ್ಕೆ ಸವೆಯುತ್ತದೆ. ಆದರೆ ಸವೆದ ರೆಕ್ಕೆಯೆಲ್ಲ ಕೊಳೆತವಲ್ಲ. ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿ ಹರಿದಿದ್ದರೆ ಅಂಚು ಶುಭ್ರವಾಗಿ ಸೀಳಿರುತ್ತದೆ. ಕೆಲವು ಉದ್ದ ಬಾಲದ ಗಂಡುಗಳು ತಮ್ಮ ಬಾಲವನ್ನು ತಾವೇ ಕಚ್ಚಿಕೊಳ್ಳುತ್ತವೆ. ಆಗ ಒಂದೇ ರಾತ್ರಿಯಲ್ಲಿ ದುಂಡಗೆ ತುಂಡು ಹೋಗಿರುತ್ತದೆ. ಇವೆರಡಕ್ಕೂ ಶುದ್ಧ ನೀರೇ ಮದ್ದು. ಕೊಳೆತಕ್ಕೂ ಆರಂಭದಲ್ಲಿ ಅದೇ ಮದ್ದು. ಜೊತೆಗೆ ಲೀಟರಿಗೆ ಒಂದು ಗ್ರಾಮಿನಂತೆ ಹರಳುಪ್ಪನ್ನು ಬೇರೆ ನೀರಿನಲ್ಲಿ ಕರಗಿಸಿ, ಒಮ್ಮೆಗೇ ಸುರಿಯದೆ ಒಂದು ದಿನದ ಅವಧಿಯಲ್ಲಿ ಮೂರು ನಾಲ್ಕು ಸಾರಿ ಸೇರಿಸಬಹುದು. ಇದನ್ನು ವಾರ, ಹತ್ತು ದಿನಕ್ಕಿಂತ ಹೆಚ್ಚು ಕಾಲ ಇಡಬೇಕಾಗಿಲ್ಲ. ನೀರು ಆವಿಯಾದಾಗ ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಆರಿದ ನೀರಿಗೆ ಬರಿಯ ನೀರನ್ನೇ ತುಂಬಿ. ನೈಟ್ರೈಟಿನ ವಿಷಕ್ಕೂ ಉಪ್ಪು ಸಹಾಯಕ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲಿ ನಿಂತು ನೈಟ್ರೈಟನ್ನು ಒಳಗೆ ಬಿಡುವುದಿಲ್ಲ. ವಾಸಿಯಾಗುವಾಗ ರೆಕ್ಕೆಯ ಅಂಚಿನಲ್ಲಿ ಬಣ್ಣವಿಲ್ಲದ ತೆಳುಪೊರೆ ಕಾಣಿಸುತ್ತದೆ. ಅದು ಹೊಸ ಚಿಗುರು. ಅದನ್ನು ಬೂಷ್ಟೆಂದು ಭಾವಿಸಿ ಮತ್ತೆ ಔಷಧ ಹಾಕಬಾರದು.

ಇನ್ನು ಬಿಳಿಯ ಬಣ್ಣದ ರೋಗಗಳಲ್ಲಿ ಎರಡನ್ನು ಬೇರ್ಪಡಿಸಿ ತಿಳಿಯುವುದು ಜೀವನ್ಮರಣದ ಪ್ರಶ್ನೆ. ಮೈಮೇಲೆ, ರೆಕ್ಕೆಯ ಮೇಲೆ ಪುಡಿಯುಪ್ಪು ಉದುರಿಸಿದಂತೆ ಬಿಡಿಬಿಡಿಯಾದ ಬಿಳಿ ಚುಕ್ಕೆಗಳು ಎದ್ದು ಮೀನು ಮೈ ಉಜ್ಜುತ್ತಿದ್ದರೆ ಅದು ‘ಇಕ್’ ಎಂಬ ಪರೋಪಜೀವಿಯ ಕೆಲಸ. ಒಂದೊಂದು ಚುಕ್ಕೆಯೂ ಚರ್ಮದೊಳಗೆ ಹೊಕ್ಕು ಕುಳಿತ ಒಂದೊಂದು ಏಕಕೋಶಜೀವಿ. ಅಲ್ಲಿರುವಷ್ಟು ದಿನ ಔಷಧ ಅದಕ್ಕೆ ತಾಕುವುದಿಲ್ಲ. ತಿಂದು ಬಲಿತ ಮೇಲೆ ಅದು ಕಳಚಿ ತಳಕ್ಕೆ ಬಿದ್ದು, ಕೋಶ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜಿ ಒಂದೆರಡು ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಔಷಧಕ್ಕೆ ಸಿಕ್ಕುವುದು ಈ ಈಜುವ ಮರಿ ಮಾತ್ರ. ಆದ್ದರಿಂದಲೇ ಎರಡು ದಿನದಲ್ಲಿ ಚುಕ್ಕೆ ಉದುರಿತೆಂದು ಚಿಕಿತ್ಸೆ ನಿಲ್ಲಿಸಿದವರ ಪಾತ್ರೆಯಲ್ಲಿ ವಾರದ ಮೇಲೆ ಮೊದಲಿಗಿಂತ ದಟ್ಟವಾಗಿ ಚುಕ್ಕೆಗಳು ಏಳುತ್ತವೆ. ನೀರನ್ನು ಮೆಲ್ಲಮೆಲ್ಲಗೆ 29-30 ಡಿಗ್ರಿಗೆ ಏರಿಸಿದರೆ ಈ ಚಕ್ರ ಬೇಗ ಬೇಗ ತಿರುಗಿ ಶತ್ರು ಬೇಗ ಬಯಲಿಗೆ ಬರುತ್ತಾನೆ. ಜೊತೆಗೆ ಲೀಟರಿಗೆ ಎರಡು ಮೂರು ಗ್ರಾಂ ಉಪ್ಪು, ಇಲ್ಲವೆ ಅಂಗಡಿಯ ಮ್ಯಾಲಕೈಟ್ ಗ್ರೀನ್ ಔಷಧ, ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ. ಮ್ಯಾಲಕೈಟ್ ಗ್ರೀನ್ ಮನುಷ್ಯರಿಗೂ ಒಳ್ಳೆಯದಲ್ಲ. ಬರಿಗೈಗೆ ಸೋಕಿಸಬಾರದು, ಮಕ್ಕಳ ಕೈಗೆ ಕೊಡಲೇಬಾರದು.

ಎರಡನೆಯದು, ಬಾಯಿಯ ಸುತ್ತಲೋ ಬೆನ್ನಿನ ಮೇಲೆ ಜೀನು ಹಾಕಿದಂತೆಯೋ ಮಾಸಲು ಬಿಳಿಯ ಪಟ್ಟೆ, ಹತ್ತಿಯ ಎಳೆಯಂಥ ಲೇಪ. ನೋಡಿದವರು ಬೂಷ್ಟು ಎನ್ನುತ್ತಾರೆ. ಬೂಷ್ಟು ಹಳೆಯ ಗಾಯದ ಮೇಲೆ ನಿಧಾನವಾಗಿ ಬೆಳೆಯುವ, ನೀರಿನಲ್ಲಿ ಕೂದಲಿನಂತೆ ಅಲ್ಲಾಡುವ ವಸ್ತು. ಇದು ಹಾಗಲ್ಲ, ‘ಕಾಲಂನಾರಿಸ್’ ಎಂಬ ಬ್ಯಾಕ್ಟೀರಿಯದ ರೋಗ. ಉಗ್ರವಾದಾಗ ಒಂದೆರಡು ದಿನದಲ್ಲಿ ಮೀನನ್ನು ಕೊಲ್ಲುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಬ್ಯಾಕ್ಟೀರಿಯ ಬಿಸಿ ನೀರಿನಲ್ಲಿ ಇನ್ನೂ ಬೇಗ ಬೆಳೆಯುತ್ತದೆ. ಇಕ್ ರೋಗಕ್ಕೆ ಸಹಾಯ ಮಾಡಿದ ಅದೇ 30 ಡಿಗ್ರಿ ಬಿಸಿ ಇಲ್ಲಿ ಬೆಂಕಿಗೆ ತುಪ್ಪ ಸುರಿದ ಹಾಗೆ. ಎರಡೂ ಬಿಳಿ, ಎರಡಕ್ಕೂ ಒಂದೇ ಮದ್ದು ಎಂದುಕೊಂಡವರ ಮೀನು ಚಿಕಿತ್ಸೆಯಿಂದಲೇ ಸಾಯುತ್ತದೆ. ಇದರಲ್ಲಿ ನೀರನ್ನು 24-25 ಡಿಗ್ರಿಗೆ ಹಿಡಿದು, ತಡಮಾಡದೆ ಬಲ್ಲವರ ಸಲಹೆಯಿಂದ ಪ್ರತಿಜೀವಕ ಕೊಡಬೇಕಾಗುತ್ತದೆ.

ಇವೆರಡರ ನಡುವೆ ಕಣ್ಣು ತಪ್ಪಿಸಿಕೊಂಡು ಬರುವ ಮೂರನೆಯದೊಂದಿದೆ. ಕತ್ತಲೆಯ ಕೋಣೆಯಲ್ಲಿ ಓರೆಯಾಗಿ ಟಾರ್ಚು ಬಿಟ್ಟು ನೋಡಿದರೆ ಮೀನಿನ ಮೈಮೇಲೆ ಬಂಗಾರದ ರಜ ಎರಚಿದಂತೆ ಕಾಣುವುದು. ಸುಂದರವಾದ ರೋಗ, ಆದರೆ ಕಿವಿರನ್ನು ಮುಚ್ಚಿ ಕೊಲ್ಲುವಂಥದು. ಈ ಜೀವಿ ಗಿಡದಂತೆ ಬೆಳಕಿನಿಂದಲೂ ಸ್ವಲ್ಪ ಆಹಾರ ಮಾಡಿಕೊಳ್ಳುತ್ತದೆಯಾದ್ದರಿಂದ ಪಾತ್ರೆಗೆ ಬಟ್ಟೆ ಹೊದಿಸಿ ಕತ್ತಲು ಮಾಡುವುದು ಚಿಕಿತ್ಸೆಯ ಒಂದು ಭಾಗ. ತಾಮ್ರದ ಔಷಧ ಇನ್ನೊಂದು ಭಾಗ. ತಾಮ್ರವನ್ನು ಅಳತೆಯಿಲ್ಲದೆ ಹಾಕಿದರೆ ಮೀನಿಗೇ ವಿಷ. ಪಾತ್ರೆಯಲ್ಲಿರುವ ಬಸವನಹುಳು, ಸಿಗಡಿಗಳಂತೂ ಉಳಿಯುವುದಿಲ್ಲ.

ಹೊಟ್ಟೆ ಉಬ್ಬಿದ ಮೀನು ಬಂದಾಗ ಮೇಲಿನಿಂದ ನೋಡಿ. ಹೊಟ್ಟೆ ಮಾತ್ರ ಉಬ್ಬಿದ್ದು, ಮೀನು ಓರೆಯಾಗಿ ತೇಲುತ್ತಲೋ ಏಳಲಾರದೆ ತಳದಲ್ಲಿಯೋ ಇದ್ದರೆ ಸಾಮಾನ್ಯವಾಗಿ ಅತಿಯಾದ ಆಹಾರವೇ ಕಾರಣ. ಬೆಟ್ಟಾ ಹುಳು ತಿನ್ನುವ ಮೀನು. ಸೊಳ್ಳೆಯ ಮರಿ ಅದಕ್ಕೆ ಮೃಷ್ಟಾನ್ನ. ಒಣ ಗುಳಿಗೆ ಹೊಟ್ಟೆಯಲ್ಲಿ ನೆನೆದು ಹಿಗ್ಗುತ್ತದೆ. ಎರಡು ಮೂರು ದಿನ ಉಪವಾಸ ಹಾಕಿ, ಆಮೇಲೆ ನೀರುಚಿಗಟ ಎಂಬ ಸಣ್ಣ ಜೀವಿಗಳನ್ನು ಕೊಟ್ಟರೆ ಬಹುಪಾಲು ಸರಿಹೋಗುತ್ತದೆ. ಬೇಯಿಸಿದ ಬಟಾಣಿ ಕೊಡಿ ಎಂಬ ಸಲಹೆ ಬಹಳ ಪ್ರಚಾರದಲ್ಲಿದೆ. ಹುಳು ತಿನ್ನುವ ಜಾತಿಗೆ ಬಟಾಣಿಯ ಪಥ್ಯ ಯಾಕೋ ನನಗೆ ಒಪ್ಪಿಗೆಯಾಗದು.

ಆದರೆ ಮೈ ಸುತ್ತಲೂ ಉಬ್ಬಿ, ಹುರುಪೆಗಳು ದೇವದಾರಿನ ಕಾಯಿಯಂತೆ ಹೊರಕ್ಕೆ ನಿಂತಿದ್ದರೆ ಅದು ಜಲೋದರ. ಇದು ತಾನೇ ಒಂದು ರೋಗವಲ್ಲ. ಮೂತ್ರಪಿಂಡ ಸೋತು, ಮೈಗೆ ಬಂದ ನೀರನ್ನು ಹೊರಹಾಕಲಾರದೆ ಇರುವುದರ ಕುರುಹು. 20 ಲೀಟರಿಗೆ ಒಂದು ಟೀ ಚಮಚದಂತೆ ಎಪ್ಸಂ ಉಪ್ಪನ್ನು ಹಾಕಿದರೆ ಸ್ವಲ್ಪ ನೀರು ಇಳಿದು ಮೀನಿಗೆ ಸಮಾಧಾನವಾಗಬಹುದು. ಅಡಿಗೆಯ ಉಪ್ಪನ್ನು ಇಲ್ಲಿ ಹಾಕಬಾರದು. ಹುರುಪೆ ನಿಂತ ಮೇಲೆ ಬದುಕುವ ಮೀನು ಅಪರೂಪ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ತಿನ್ನದೆ, ಏಳದೆ ನರಳುವ ಮೀನನ್ನು ಜೀವಂತ ಚರಂಡಿಗೆ ಬಿಡುವುದು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಡುವುದು ಎರಡೂ ಕ್ರೌರ್ಯ. ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಮೀನಿಗೆ ಅರಿವಳಿಕೆ. ಅದರಿಂದ ನೋವಿಲ್ಲದೆ ಕೊನೆಗಾಣಿಸುವ ಕ್ರಮವನ್ನು ಪಶುವೈದ್ಯರು ಬಲ್ಲರು. ಕೇಳಲು ಸಂಕೋಚ ಬೇಡ.

ಔಷಧಗಳ ವಿಚಾರವಾಗಿ ಎರಡು ಮಾತು. ಮೆಥಿಲೀನ್ ಬ್ಲೂ ಎಂಬ ನೀಲಿ ದ್ರಾವಣ ಎಲ್ಲ ಅಂಗಡಿಗಳಲ್ಲಿಯೂ ಸರ್ವರೋಗ ಪರಿಹಾರವೆಂದು ಮಾರಾಟವಾಗುತ್ತದೆ. ಬೂಷ್ಟಿಗೆ ಅದು ಒಳ್ಳೆಯದೇ. ಆದರೆ ಮೇಲೆ ಹೇಳಿದ ಸೋಸುಕದ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತದೆ. ಯಾವ ಔಷಧವನ್ನಾಗಲಿ ಒಂದು ಬಿಡಿ ಪಾತ್ರೆಯಲ್ಲಿ, ಅದೇ ಬಿಸಿಯ ನೀರಿನಲ್ಲಿ, ಒಂದು ಸಾರಿಗೆ ಒಂದನ್ನೇ ಕೊಡತಕ್ಕದ್ದು. ಸೋಸುಕದಲ್ಲಿ ಇದ್ದಲಿದ್ದರೆ ತೆಗೆದುಬಿಡಿ, ಅದು ಔಷಧವನ್ನು ಹೀರಿಬಿಡುತ್ತದೆ. ಮನೆಯಲ್ಲಿ ಉಳಿದ ಪ್ರತಿಜೀವಕದ ಕ್ಯಾಪ್ಸೂಲನ್ನು ಬಿಚ್ಚಿ ನೀರಿಗೆ ಸುರಿಯುವ ಅಭ್ಯಾಸ ಎಲ್ಲಕ್ಕಿಂತ ಕೆಟ್ಟದ್ದು. ಅಳತೆ ತಪ್ಪಿದ ಔಷಧಕ್ಕೆ ಸಾಯದೆ ಉಳಿದ ಬ್ಯಾಕ್ಟೀರಿಯ ಅದಕ್ಕೆ ಬಗ್ಗದಂತೆ ಗಟ್ಟಿಯಾಗುತ್ತದೆ, ಆ ನೀರು ಕೊನೆಗೆ ಸೇರುವುದು ನಮ್ಮ ಕೆರೆ ಬಾವಿಗಳನ್ನೇ. ಮೀನನ್ನು ನೋಡುವ ಪಶುವೈದ್ಯರು ನಮ್ಮಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲವೆಂದಲ್ಲ. ದೇಶದಲ್ಲಿಯೇ ಮೊದಲನೆಯ ಮೀನುಗಾರಿಕೆ ಕಾಲೇಜು 1969ರಲ್ಲಿ ಪ್ರಾರಂಭವಾದದ್ದು ನಮ್ಮ ಮಂಗಳೂರಿನಲ್ಲಿ. ಮೀನಿನ ರೋಗಶಾಸ್ತ್ರ ಅಲ್ಲಿಯ ಪಾಠಗಳಲ್ಲಿ ಒಂದು.

ನಮ್ಮ ಬೀದಿಬದಿಯ ಬಾದಾಮಿ ಮರದ ಒಣಗಿದ ಎಲೆಯನ್ನು ತೊಳೆದು ನೀರಿಗೆ ಹಾಕುವ ಪದ್ಧತಿ ಆಗ್ನೇಯ ಏಷ್ಯದ ಮೀನು ಸಾಕುವವರಲ್ಲಿ ಇದೆ. ಅದರ ಒಗರು ನೀರಿಗಿಳಿದು ಚಹದ ಬಣ್ಣ ಬರುತ್ತದೆ, ನೀರು ಕೊಂಚ ಹುಳಿಯಾಗುತ್ತದೆ. ಗದ್ದೆಯ ಮೀನಿಗೆ ಇದು ತವರಿನ ನೀರಿನ ನೆನಪು. ಹಿತವಾದದ್ದು ನಿಜ, ಹಬ್ಬಿದ ರೋಗವನ್ನು ಇದೊಂದರಿಂದಲೇ ಗುಣಪಡಿಸುವೆನೆಂದು ಕುಳಿತುಕೊಳ್ಳುವಂತಿಲ್ಲ.

ಸಾಕಿದವರ ಆರೋಗ್ಯದ ವಿಷಯವೂ ಒಂದಿದೆ. ಮೀನು ಬೆನ್ನು ಬಾಗಿ, ತಿಂದರೂ ಸಣಕಲಾಗಿ, ಮೈಮೇಲೆ ಮಾಯದ ಹುಣ್ಣಾಗಿದ್ದರೆ ಅದು ಮೀನಿನ ಕ್ಷಯವಿರಬಹುದು. ಇದನ್ನು ತರುವ ಬ್ಯಾಕ್ಟೀರಿಯಗಳಲ್ಲಿ ಒಂದು ಬಗೆ ಕೈಯ ಗಾಯದ ಮೂಲಕ ಮನುಷ್ಯನಿಗೂ ಅಂಟಿ, ವಾರಗಳ ಮೇಲೆ ಬೆರಳಿನಲ್ಲಿಯೋ ಮುಂಗೈಯಲ್ಲಿಯೋ ಗಂಟಾಗಿ ಏಳುತ್ತದೆ. ಗಾಯವಿದ್ದ ಕೈಯನ್ನು ಪಾತ್ರೆಗೆ ಹಾಕಬೇಡಿ. ಹಾಕಿದ ಕೈಯನ್ನು ಸೋಪಿನಿಂದ ತೊಳೆಯಿರಿ. ಅಂಥ ಗಂಟು ಎದ್ದರೆ ವೈದ್ಯರಿಗೆ ಮೀನು ಸಾಕಿರುವ ಸಂಗತಿಯನ್ನು ತಪ್ಪದೆ ಹೇಳಿ. ಹೇಳದಿದ್ದರೆ ಅವರಿಗೆ ಅದು ಹೊಳೆಯುವುದು ಕಷ್ಟ.

ಬೆಟ್ಟಾ ಮೀನಿನ ಆಯುಷ್ಯ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ. ಅಂಗಡಿಯಲ್ಲಿ ಕೊಳ್ಳುವ ಗಂಡಿಗೆ ಆಗಲೇ ಆರು ತಿಂಗಳೋ ಹೆಚ್ಚೋ ಆಗಿರುತ್ತದೆ. ಮೂರನೆಯ ವರ್ಷದಲ್ಲಿ ಬಣ್ಣ ಮಾಸಿ, ಎಲೆಯ ಮೇಲೆ ಒರಗಿ ಕುಳಿತು, ಆಹಾರವನ್ನು ಗುರಿ ತಪ್ಪಿ ಹಿಡಿಯುವ ಮೀನಿಗೆ ಮದ್ದು ಬೇಕಾಗಿಲ್ಲ, ಮುಪ್ಪು ಬಂದಿದೆ. ನೀರಿನ ಮಟ್ಟವನ್ನು ತುಸು ತಗ್ಗಿಸಿ, ಗಾಳಿಗೆ ಏರುವ ದೂರವನ್ನು ಕಡಿಮೆ ಮಾಡಿಕೊಟ್ಟರೆ ಅದಕ್ಕೆ ಉಪಕಾರ. ರೋಗದಿಂದ ಸತ್ತ ಮೀನಿನ ಪಾತ್ರೆಯನ್ನು ಮಾತ್ರ ಹಾಗೆಯೇ ಉಪಯೋಗಿಸಬಾರದು. ಮರಳನ್ನೂ ಹತ್ತಿಯನ್ನೂ ಎಸೆದು, ಗಾಜನ್ನೂ ಬಲೆಯನ್ನೂ ತೊಳೆದು, ಚೆನ್ನಾಗಿ ಬಿಸಿಲಿನಲ್ಲಿ ಒಣಗಿಸಿ, ಹೊಸ ಸೋಸುಕ ಹಾಕಿ, ಆ ನಾಲ್ಕಾರು ವಾರಗಳನ್ನು ಮತ್ತೆ ಮೊದಲಿನಿಂದ ಎಣಿಸಿ ಆದಮೇಲೆಯೇ ಅಂಗಡಿಗೆ ಹೋಗಿ ಇನ್ನೊಂದು ಮೀನನ್ನು ತರಬಹುದು.